ಗುರುವಾರದ ಮುದ್ದೆ

ಖಾಲಾ ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗಿನಿಂದ ಕುದಿನೀರಿನ ತೊಟ್ಟಿಗೆ ಕೈಯಿಟ್ಟು ರೇಷ್ಮೆಗೂಡುಗಳಿಂದ ಎಳೆ ಬಿಡಿಸಿ ಬಿಡಿಸಿ ಅವು ಬೆಂದು, ಬಿಳಿಚಿ, ಸುಲಿದ ಬಾದಾಮಿಯ ಹಾಗೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ಆ ಮಷೀನಿನ ಪಾಲಿಗೆ ನಾನು ಹುಟ್ಟೇ ಇಲ್ಲ, ಟೀಚರಮ್ಮ" ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದರು.

ನಮ್ಮ ಮನೆಯೂ ಅವರ ಮನೆಯೂ ಎದುರುಬದುರು. ಬೀದಿಯ ಮಕ್ಕಳೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದರಿಂದ ನನ್ನ ಬಾಯಿಗೂ ಅದೇ ಬಂದಿತ್ತು. ಹಿತ್ತಿಲ ಶೆಡ್ಡಿನಲ್ಲಿ ಗಂಡ ರಾಟೆ ನೋಡಿಕೊಂಡರೆ ಇವರು ತೊಟ್ಟಿ ನೋಡಿಕೊಳ್ಳುತ್ತಿದ್ದರು. ಗಂಡ ನೂಲಿನಂಥ ಮನುಷ್ಯ. ಜೋರಾಗಿ ಗಾಳಿ ಬೀಸಿದರೆ ಗೋಡೆ ಹಿಡಿದುಕೊಳ್ಳಬೇಕು ಎಂದು ಹೆಂಡತಿಯೇ ಛೇಡಿಸುತ್ತಿದ್ದರು. ಕೆಲಸ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಖಾಲಾ ಹೇಳಿಕೊಡುತ್ತಿದ್ದದ್ದು ಒಂದೇ ಮಾತು: "ಸುಡ್ತು ಅಂತ ಕೈ ತೆಗೆದ್ರೆ ಎಳೆ ಸಿಗಲ್ಲ ಕಣಮ್ಮ."

ಕೊರೊನಾದ ಎರಡನೇ ಅಲೆಯಲ್ಲಿ ಆ ಗಂಡನನ್ನು ಯಾವುದೋ ಹಾಸ್ಟೆಲಿನಲ್ಲಿ ತೆರೆದಿದ್ದ ವಾರ್ಡಿಗೆ ಸೇರಿಸಿದರು. ಅಲ್ಲಿಂದ ಒಮ್ಮೆ ಫೋನ್ ಮಾಡಿದ್ದರು. ಪಕ್ಕದ ಬೆಡ್ಡಿನವರು ಪೆರೇಸಂದ್ರದವರು, ಒಳ್ಳೆ ಮಾತುಗಾರರು, ತಮ್ಮ ಪಾಲಿನ ಬಿಸಿನೀರನ್ನೂ ನನಗೇ ಕೊಡುತ್ತಾರೆ, ಹೆದರಬೇಡ ಎಂದರಂತೆ. ಮತ್ತೆ ಫೋನ್ ಬರಲಿಲ್ಲ. ಬಂದದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹ. ಮುಖ ನೋಡುವಂತಿರಲಿಲ್ಲ, ಸ್ನಾನ ಮಾಡಿಸುವಂತಿರಲಿಲ್ಲ. ಸ್ವಯಂಸೇವಕರೇ ಖಬರಸ್ತಾನಕ್ಕೆ ಒಯ್ದು ಮಣ್ಣು ಮಾಡಿದರು.

ಕೆಲವು ತಿಂಗಳ ಮೇಲೆ ಆ ಸ್ವಯಂಸೇವಕರಲ್ಲೊಬ್ಬ ಖಾಲಾಗೆ ಸಮಾಧಾನ ಹೇಳಲು ಬಂದ. ಒಳ್ಳೆಯ ಹುಡುಗ. ಚಹಾ ಕುಡಿಯುತ್ತಾ, "ನಾವೇನೂ ಅಸಡ್ಡೆ ಮಾಡ್ಲಿಲ್ಲ ಖಾಲಾ. ಬಹಳ ಭಾರ ಇದ್ರು, ಆದ್ರೂ ಮೆತ್ತಗೆ ಇಳಿಸಿದ್ವಿ" ಎಂದ. ಅವನು ಹೋದ ಮೇಲೆ ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡು ನೇರ ನಮ್ಮ ಮನೆಗೆ ಬಂದರು. "ಟೀಚರಮ್ಮ, ಅವ್ರು ಯಾವತ್ತು ಭಾರ ಇದ್ರು?"

ಏನೋ ಸಮಜಾಯಿಷಿ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಅವರ ಅರ್ಜಿ ಬರೆಯುವ ಕೆಲಸ ನನ್ನದಾಯಿತು.

ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ; ಅಲ್ಲಿದ್ದವರೂ ಆ ದಿನಗಳಲ್ಲಿ ನಿದ್ದೆಗೆಟ್ಟವರೇ. ಗಂಡನ ಚಿಕಿತ್ಸೆಯ ದಾಖಲೆ ಬೇಕು, ದೇಹವನ್ನು ಯಾರು ಯಾರಿಗೆ ಒಪ್ಪಿಸಿದರು ಎಂಬ ದಾಖಲೆ ಬೇಕು ಎಂದು ಮಾಹಿತಿ ಹಕ್ಕಿನಡಿ ಬರೆದೆವು. ಇದು ಮೂರನೇ ವ್ಯಕ್ತಿಯ ಆರೋಗ್ಯದ ಮಾಹಿತಿ, ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ನಾನು ಓದಿ ಹೇಳಿದೆ. ಖಾಲಾ ಶೆಡ್ಡಿನ ಕಡೆ ಕೈ ತೋರಿಸಿದರು. "ತೊಟ್ಟಿ ಹತ್ರ ನಾನು, ರಾಟೆ ಹತ್ರ ಅವ್ರು. ಇದ್ದದ್ದೇ ಇಬ್ರು. ಮೂರನೇ ವ್ಯಕ್ತಿ ಯಾವಾಗ ಬಂದ ಟೀಚರಮ್ಮ?"

ಅವರ ಮಗ, "ಬಿಟ್ಬಿಡು ಅಮ್ಮಿ" ಎಂದ. ಸುಡ್ತು ಅಂತ ಕೈ ತೆಗೆಯುವವರೇ ಅವರು? ಮೇಲ್ಮನವಿ ಹಾಕಿಸಿದರು. ನಿಕಾಹ್‌ನಾಮಾ, ಮರಣಪತ್ರ, ವಂಶವೃಕ್ಷ, ಕೇಳಿದ್ದೆಲ್ಲ ಒದಗಿಸಿದರು. ಶಾಲೆಗೆ ರಜೆ ಇದ್ದಾಗಲೆಲ್ಲ ಬಸ್ಸಿನಲ್ಲಿ ಇಬ್ಬರೂ ಹೋಗಿಬರುತ್ತಿದ್ದೆವು. ದಾರಿಯುದ್ದಕ್ಕೂ ಗೂಡಿನ ರೇಟಿನ ವಿಷಯ, ಮಗನಿಗೆ, ಸೊಸೆಗೆ ಏನಿಷ್ಟ ಎಂಬ ವಿಷಯ ಮಾತಾಡುತ್ತಿದ್ದರು.

ಕೊನೆಗೆ ಕೈಗೆ ಬಂದದ್ದು ಒಂದು ಜೆರಾಕ್ಸ್ ಹಾಳೆ. ಆ ದಿನ ಆ ವಾರ್ಡಿನಿಂದ ಹೊರಟ ದೇಹಗಳು ಎರಡು. ಎರಡರ ಮುಂದೆಯೂ ದೇಹಕ್ಕೆ ಕಟ್ಟುವ ಚೀಟಿಯ ಸಂಖ್ಯೆ ಒಂದೇ. ಎರಡನೆಯವರ ಹೆಸರಿಗೆ ಕಪ್ಪು ಬಳಿದಿದ್ದರು, ಊರಿಗೆ ಬಳಿಯಲು ಮರೆತಿದ್ದರು. ಪೆರೇಸಂದ್ರ.

ಮೇಲ್ಮನವಿ ಕೇಳಿದ ಅಧಿಕಾರಿ ಮರ್ಯಾದಸ್ಥರು. ಕುರ್ಚಿ ಕೊಟ್ಟು ಕೂರಿಸಿ, "ನಮ್ಮ ಹತ್ರ ಇರೋದು ಇಷ್ಟೇ ಅಮ್ಮ. ಅದಲುಬದಲಾಗಿದೆಯೋ ಇಲ್ವೋ ಇದ್ರಲ್ಲಿ ಗೊತ್ತಾಗಲ್ಲ. ಖಚಿತ ಆಗ್ಬೇಕು ಅಂದ್ರೆ ಅನುಮತಿ ತಗೊಂಡು ಗೋರಿ ತೆಗೆಸಿ ಪರೀಕ್ಷೆ ಮಾಡಿಸ್ಬೇಕು" ಎಂದರು. ಖಾಲಾ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ನಕ್ಕೋ ಸಾರ್, ಬೇಡ. ಇಷ್ಟು ದಿನ ಹೂವು ಕಳ್ಸಿದ್ದೀನಿ, ದುವಾ ಮಾಡಿದ್ದೀನಿ. ಈಗ ಮಲಗಿರೋರನ್ನ ಎಬ್ಬಿಸಿ, ನೀನು ಯಾರಪ್ಪ ಅಂತ ಕೇಳೋದಾ?"

ಹೊರಗೆ ಬಂದ ಮೇಲೆ ಶಿಡ್ಲಘಟ್ಟದ ಬಸ್ಸು ಹತ್ತಲಿಲ್ಲ. ಪೆರೇಸಂದ್ರದ ಬಸ್ಸು ಹತ್ತಿದರು. ನಾನೂ ಹಿಂದೆಯೇ ಹತ್ತಿದೆ.

ಊರಿನ ಹೋಟೆಲಿನಲ್ಲಿ, ಆ ಅಲೆಯಲ್ಲಿ ವಾರ್ಡಿನಲ್ಲಿ ತೀರಿಕೊಂಡವರ ಮನೆ ಯಾವುದು ಎಂದು ವಿಚಾರಿಸಿದರೆ ಸಿಕ್ಕಿತು. ಹೊಲ, ಹಸು, ಮುಂದೊಂದು ದೊಡ್ಡ ಜಗಲಿ. ಗೋಡೆಯ ಮೇಲಿನ ಫೋಟೋದಲ್ಲಿ ಮನೆಯ ಯಜಮಾನರು, ಕುರ್ಚಿ ತುಂಬ ಕೂತ ಭಾರಿ ಆಳು. ಆ ಫೋಟೋ ಕಂಡಕೂಡಲೇ ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಖಾಲಾ ಮಾತ್ರ ಅದನ್ನು ನೋಡಿ ಸೆರಗು ಸರಿಮಾಡಿಕೊಂಡು, ಮನೆಯೊಡತಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಫೋನಿನಲ್ಲಿ ಕೇಳಿದ್ದು, ಬಿಸಿನೀರಿನ ಮಾತು, ಒಂದೇ ಚೀಟಿ. ಆಯಮ್ಮ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಆ ದಿನ ಅವರಿಗೆ ಕೊಟ್ಟ ದೇಹವನ್ನು ದೂರದಲ್ಲೇ ನಿಂತು ಸುಟ್ಟಿದ್ದರು, ಬೂದಿಯನ್ನು ಹೊಳೆಗೆ ಬಿಟ್ಟಾಗಿತ್ತು. ತೆಗೆದು ನೋಡಲು ಆ ಕಡೆ ಏನೂ ಉಳಿದಿರಲಿಲ್ಲ.

ಆಯಮ್ಮ ಕೇಳಿದ್ದು ಒಂದೇ. "ನಿಮ್ಮ ಯಜಮಾನ್ರಿಗೆ ಊಟದಾಗೆ ಏನು ಇಷ್ಟ ಇತ್ತಕ್ಕಾ? ಪಿತೃಪಕ್ಷ ಬಂತು. ಎಡೆ ಇಕ್ಬೇಕಲ್ಲ."

"ಊಟ ಅಂತ ಏನಿಲ್ಲಮ್ಮ. ಚಹಾಗೆ ರಸ್ಕು ಅದ್ದಿ ತಿನ್ನೋರು. ಸಕ್ಕರೆ ಜಾಸ್ತಿ" ಎಂದರು ಖಾಲಾ. ಆಮೇಲೆ ಮೆಲ್ಲಗೆ, "ನಿಮ್ಮೋರಿಗೆ?"

"ಮುದ್ದೆ. ಹುರುಳಿಕಾಳು ಬಸ್ಸಾರು. ಅದಿಲ್ದೆ ತಟ್ಟೆ ಮುಂದೆ ಕೂರ್ತಾನೇ ಇರ್ಲಿಲ್ಲ."

ಆ ವರ್ಷದ ಪಿತೃಪಕ್ಷದಲ್ಲಿ ಪೆರೇಸಂದ್ರದ ಮನೆಯ ಎಡೆಯಲ್ಲಿ, ವಡೆ ಪಾಯಸದ ಪಕ್ಕ, ಒಂದು ಲೋಟ ಚಹಾ ಮತ್ತು ಎರಡು ರಸ್ಕು ಇದ್ದವು. ಇತ್ತ ನಮ್ಮ ಬೀದಿಯಲ್ಲಿ ಗುರುವಾರ ಸಂಜೆ, ಸತ್ತವರ ಹೆಸರಿನಲ್ಲಿ ಫಾತೆಹಾ ಓದಲು ಖಾಲಾ ಮುಂದಿಡುವ ತಟ್ಟೆಯಲ್ಲಿ ಬಸ್ಸಾರಿನ ಜೊತೆ ಮುದ್ದೆ ಕಾಣಿಸಿಕೊಂಡಿತು. ಸೊಸೆ ಮೊದಮೊದಲು ಮುಖ ಕಿವುಚಿದಳು. ಒಲೆಯಿಂದ ಇಳಿಸಿದ ಹಿಟ್ಟನ್ನು ನಾವೆಲ್ಲ ಕೈ ಒದ್ದೆ ಮಾಡಿಕೊಂಡು, ಊದಿಕೊಂಡು ಕಟ್ಟಿದರೆ, ಖಾಲಾ ಹಾಗೇ ಎತ್ತಿ ಉಂಡೆ ಕಟ್ಟುತ್ತಿದ್ದರು. ಆ ಬೆರಳುಗಳಿಗೆ ಬಿಸಿ ತಾಕುತ್ತಲೇ ಇರಲಿಲ್ಲ. ಇವತ್ತಿಗೂ ಗುರುವಾರ ಸಂಜೆ ಯಾರ ಮನೆಯಿಂದಲಾದರೂ ಬಸ್ಸಾರಿನ ಒಗ್ಗರಣೆ ವಾಸನೆ ಬಂದರೆ, ನಮ್ಮ ಬೀದಿಯಲ್ಲಿ ಯಾರೋ ಭಾರವಾದ ಮನುಷ್ಯ ನಡೆದು ಹೋದಂತಾಗಿ ನಾನು ಬಾಗಿಲ ಕಡೆ ತಿರುಗುತ್ತೇನೆ.

ಕಳೆದ ವರ್ಷ ಖಾಲಾ ಹಾಸಿಗೆ ಹಿಡಿದರು. ಖಬರಸ್ತಾನದಲ್ಲಿ ಜಾಗ ಎಲ್ಲಿ ಎಂಬ ಮಾತು ಮನೆಯಲ್ಲಿ ಎದ್ದಿತು. ಗೋರಿಯಲ್ಲಿರುವವರು ಅಪ್ಪನೇ ಎಂದು ಹೇಳುವ ಹಾಗಿಲ್ಲ, ಬೇರೆ ಮೂಲೆ ನೋಡೋಣವೇ ಎಂದು ಮಗ ಅಳುಕುತ್ತಲೇ ಕೇಳಿದ. ನಾನು ಅಲ್ಲೇ ಕೂತಿದ್ದೆ.

"ಅಲ್ಲೇ ಮಲಗಿಸ್ರೋ. ಅವ್ರೇ ಆಗಿದ್ರೆ ಸರಿ. ಅಲ್ದಿದ್ರೆ ಒಂದು ಮೊಳ ಜಾಗ ಬಿಟ್ಟು ಮಲಗಿಸಿ" ಎಂದು ಸಣ್ಣಗೆ ನಕ್ಕರು. ಉಸಿರು ತೆಗೆದುಕೊಂಡು ಮುಂದುವರಿಸಿದರು. "ನಮ್ಮೋರಿಗೆ ಕಡೇಲಿ ಬಿಸಿನೀರು ಕೊಟ್ಟೋರಪ್ಪ ಅವ್ರು. ಅವ್ರಿಗೆ ಈ ಊರಲ್ಲಿ ಇನ್ಯಾರಿದ್ದಾರೆ?"

ಮಗ ಒಂದು ಮೊಳ ಬಿಟ್ಟೇ ಮಲಗಿಸಿದ. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಸುದ್ದಿ ತಿಳಿದು ಬಂದಿದ್ದ ಪೆರೇಸಂದ್ರದ ಆಯಮ್ಮನೂ ನಾನೂ ಗೇಟಿನ ಸರಳು ಹಿಡಿದು ನಿಂತಿದ್ದೆವು. ಒಳಗೆ ಹಳೆಯ ಗೋರಿ, ಪಕ್ಕದಲ್ಲಿ ಹಸಿ ಮಣ್ಣು. ಆಯಮ್ಮ ಎರಡಕ್ಕೂ ಕೈ ಮುಗಿದು, ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದರು.

"ಈ ಸಲ ಇವ್ರಿಗೂ ಎಡೆ ಇಕ್ತೀನಿ ಟೀಚರಮ್ಮ. ಇವ್ರಿಗೆ ಏನು ಇಷ್ಟ ಇತ್ತು?"

ಖಾಲಾ ಅವರ ಅರ್ಜಿಗಳನ್ನೆಲ್ಲ ಬರೆದವಳು ನಾನು. ಬಸ್ಸಿನಲ್ಲಿ, ಕಚೇರಿಯ ಬೆಂಚಿನ ಮೇಲೆ, ನಮ್ಮ ಮನೆಯ ಮೆಟ್ಟಿಲ ಮೇಲೆ ಅವರು ಹೇಳಿದ್ದೆಲ್ಲ ಅವರಿವರಿಗೆ ಏನಿಷ್ಟ ಎಂಬುದನ್ನೇ. ಗೇಟಿನ ಸರಳು ಹಿಡಿದು ಎಷ್ಟು ಯೋಚಿಸಿದರೂ ನನಗೆ ಉತ್ತರ ಹೊಳೆಯಲಿಲ್ಲ.