ಕೊನೆಯ ಪಾಠ ಹೇಳಿದ ಜೆರಾಕ್ಸಿನವರು

ನಿನ್ನೆ ಸಂಜೆ ತೀರ್ಥಹಳ್ಳಿಯಿಂದ ಬಂದ ಮೊಮ್ಮಗಳು ಬ್ಯಾಗಿನಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಮಡಿಲಿಗೆ ಹಾಕಿದಳು. ಬಸ್ ಇಳಿದವಳು ನಮ್ಮ ಹೊಸನಗರದಲ್ಲೇ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದಳು. ಕಾಗದ ಇನ್ನೂ ಬೆಚ್ಚಗಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಒಂದು ಚೂರು ಹೆಚ್ಚು ಹೊತ್ತು ಇಟ್ಟರೆ ಬರುತ್ತದಲ್ಲ, ಅಂಥ ವಾಸನೆ...

“ನಾಳೆ ಕ್ಲಾಸಲ್ಲಿ ಇದೇ ಪಾಠ ಅಜ್ಜಿ. ಅಮೆರಿಕದ ಇತಿಹಾಸ” ಅಂದಳು.

ನನ್ನ ಮೊಮ್ಮಗಳು ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ! ಅತಿಥಿ ಉಪನ್ಯಾಸಕಿ ಅಂತ ಆದೇಶ ಬಂದು ಇನ್ನೂ ಹದಿನೈದು ದಿನ ಆಗಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹಾಲು ತರುವವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸೀರೆಗೆ ಫಾಲ್ ಹಚ್ಚಿಸಲು ಬಂದವರಿಗೆ, ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ಹೇಳಿ ಆಯಿತು. ಮೊದಲು ಹೇಳಬೇಕಾಗಿದ್ದ ಒಬ್ಬರಿಗೆ ಮಾತ್ರ ಹೇಳಲು ಆಗಲಿಲ್ಲ.

ಅವರಿಗೆ ಊರಿನಲ್ಲಿ ಜೆರಾಕ್ಸಿನವರು ಅಂತಲೇ ಹೆಸರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಗಿಲಿನ ಅಂಗಡಿ. ತಾಲ್ಲೂಕು ಆಫೀಸಿಗೆ ಬಂದವರೆಲ್ಲ ಪಹಣಿ, ಆಧಾರ್ ಹಿಡಿದುಕೊಂಡು ಅಲ್ಲಿ ಸಾಲು ನಿಲ್ಲುತ್ತಿದ್ದರು. ಅವರಿಗೆ ಒಂದು ಅಭ್ಯಾಸ ಇತ್ತು. ಕೈಗೆ ಬಂದ ಕಾಗದವನ್ನು ಓದದೆ ಯಂತ್ರಕ್ಕೆ ಹಾಕುತ್ತಿರಲಿಲ್ಲ. “ಓದೋದು ಆಮೇಲೆ ಮಾರಾಯ್ರೆ, ಬಸ್ ಹೊಂಟು ಹೋಗ್ತು” ಅಂತ ಜನ ಬೈದರೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದುವುದೇ. “ನಾನೇನು ಓದಿದವ್ನಲ್ಲ, ಪಿಯುಸಿ ಫೇಲು. ಹಂಗಾಗಿ ಈಗ ಬಿಟ್ಟಿ ಓದ್ತಾ ಇದೀನಿ” ಅನ್ನುತ್ತಿದ್ದರು.

ಇದೆಲ್ಲ ಆರೇಳು ವರ್ಷದ ಹಿಂದಿನ ಮಾತು. ಡಿಗ್ರಿಯ ಕೊನೆಯ ಪರೀಕ್ಷೆಯ ಹೊತ್ತಿಗೆ ಮೊಮ್ಮಗಳಿಗೆ ಕಾಮಾಲೆ ಆಯಿತು. ಉಳಿದದ್ದೆಲ್ಲ ಹೇಗೋ ಪಾಸಾಗಿ ಅಮೆರಿಕದ ಇತಿಹಾಸ ಒಂದು ಉಳಿದುಕೊಂಡಿತು. ಎಂ.ಎ. ಸೇರಬೇಕೆಂದು ಅವಳ ಆಸೆ. ನನ್ನ ಮಗ, ಅಂದರೆ ಅವಳ ಅಪ್ಪ, ಗೂಡ್ಸ್ ಆಟೋ ಓಡಿಸುವವನು. “ಈ ಸಲ ಆಗ್ಲಿಲ್ಲ ಅಂದ್ರೆ ಓದಿದ್ದು ಸಾಕು. ಶಿವಮೊಗ್ಗದಲ್ಲಿ ಒಂದು ಸೀರೆ ಅಂಗಡಿಗೆ ಮಾತಾಡಿದೀನಿ” ಅಂತ ಹೇಳಿಬಿಟ್ಟಿದ್ದ. ಅವನು ಕೆಟ್ಟವನಲ್ಲ. ಸೋತಿದ್ದ.

ಅದನ್ನು ಮತ್ತೆ ಬರೆಯುವ ಪರೀಕ್ಷೆಗೆ ಹನ್ನೆರಡು ದಿನ ಇತ್ತು. ನನಗೆ ಪಿಂಚಣಿಗೆ ಆಧಾರ್ ಪ್ರತಿ ಬೇಕಿತ್ತು, ಅವಳಿಗೆ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಬೇಕಿತ್ತು. ತನಗಿಂತ ಕೆಳಗಿನ ತರಗತಿಯ ಹುಡುಗಿಯೊಬ್ಬಳ ನೋಟ್ಸನ್ನೂ ಜೆರಾಕ್ಸಿಗೆ ತಂದಿದ್ದಳು. ಜೆರಾಕ್ಸಿನವರು ಹಾಲ್ ಟಿಕೆಟ್ ನೋಡಿದರು, ನೋಟ್ಸ್ ನೋಡಿದರು, ಮತ್ತೆ ಹಾಲ್ ಟಿಕೆಟ್ ನೋಡಿದರು. ಯಂತ್ರದ ಮುಚ್ಚಳ ಎತ್ತಿದ್ದು ಎತ್ತಿದ ಹಾಗೇ ಇತ್ತು.

“ತಂಗಿ, ನೀ ಹಳೇ ಸ್ಕೀಮ್, ಹಳೇ ಸಿಲಬಸ್ಸಿನವ್ಳು ಅಲ್ದಾ? ಇದು ಹೊಸಬ್ರ ನೋಟ್ಸು. ಇದ್ರಲ್ಲಿ ಅಮೆರಿಕ ಕಂಡುಹಿಡಿದಲ್ಲಿಂದ ಅವರೊಳಗೇ ಯುದ್ಧ ಆಗೋ ತನಕ ಇದೆ. ನಿಂಗೆ ಬರೋದು ಅದರಿಂದ ಈಚೆಗಿನದು, ಹಾಲ್ ಟಿಕೆಟ್ಟಲ್ಲೇ ಬರೆದಿದೆ ನೋಡು.”

“ಇಲ್ಲ, ಎಲ್ಲರಿಗೂ ಒಂದೇ ಪೇಪರ್ ಅಂದ್ರು...”

“ಯಾರು ಅಂದ್ರು?”

ಯಾರೂ ಅಂದಿರಲಿಲ್ಲ. ಜೊತೆಗೆ ಫಾರ್ಮ್ ತುಂಬಿದವರು ಓದುವುದನ್ನೇ ತಾನೂ ಓದುವುದು ಅಂದುಕೊಂಡಿದ್ದಳು, ಅಷ್ಟೆ. ಎರಡು ತಿಂಗಳಿಂದ ಬಾಯಿಪಾಠ ಮಾಡಿದ್ದೆಲ್ಲ ಬೇರೆಯವರ ಪರೀಕ್ಷೆಗೆ. ಹಳೇ ಸ್ಕೀಮಿನವರಿಗೆ ಇದೇ ಕೊನೆಯ ಅವಕಾಶ ಅಂತ ಹಾಲ್ ಟಿಕೆಟ್ಟಿನ ಕೆಳಗೆ ಅಚ್ಚಾಗಿತ್ತು. ಅದನ್ನೂ ಓದಿ ಹೇಳಿದವರು ಅವರೇ. ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟೆ.

ಹಿಂದೆ ಪಾಠ ಮಾಡಿದ್ದ ಮೇಡಂ ಊರು ಬಿಟ್ಟಿದ್ದರು, ಫೋನ್ ಹೋಗುತ್ತಿರಲಿಲ್ಲ. ಲೈಬ್ರರಿಯಲ್ಲಿ ಇದ್ದದ್ದು ಇಂಗ್ಲಿಷಿನ ದಪ್ಪ ಪುಸ್ತಕ, ಮೊಬೈಲಿನಲ್ಲಿ ಸಿಕ್ಕಿದ್ದೂ ಇಂಗ್ಲಿಷೇ. ಅವಳು ಬರೆಯಬೇಕಾದ್ದು ಕನ್ನಡದಲ್ಲಿ. ಅವಳದೇ ಹಳೆಯ ನೋಟ್ಸನ್ನು ಯಾರೋ ಕೇಳಿಕೊಂಡು ಹೋದವರು ವಾಪಸ್ ಕೊಟ್ಟಿರಲಿಲ್ಲ.

ಆಗ ಅವರು ಅಂಗಡಿಯ ಹಿಂದಿನಿಂದ ಎರಡು ಗೋಣಿಚೀಲ ಎಳೆದು ತಂದರು. ತಪ್ಪಿದ ಜೆರಾಕ್ಸ್ ಪ್ರತಿಗಳು. ಓರೆಯಾದದ್ದು, ಅರ್ಧ ಕಪ್ಪಾದದ್ದು, ಅಂಚು ಕತ್ತರಿಸಿ ಹೋದದ್ದು. ಆಧಾರ್, ಪಹಣಿ ತಪ್ಪಿದರೆ ಅಲ್ಲೇ ಚೂರು ಚೂರು ಮಾಡುತ್ತಿದ್ದ ಮನುಷ್ಯ, ಓದುವ ಮಕ್ಕಳ ನೋಟ್ಸು ತಪ್ಪಿದರೆ ಹರಿಯುತ್ತಿರಲಿಲ್ಲ. ವಿದ್ಯೆ ಇರುವ ಕಾಗದ ಹರಿಯಬಾರದು, ಕಾಲಡಿ ಬೀಳಬಾರದು ಅಂತ ಅವರ ತಾಯಿ ಹೇಳಿದ್ದರಂತೆ.

“ಇದ್ರಲ್ಲಿ ಇರ್ಲೇಬೇಕು. ಆದ್ರೆ ಯಾರದು ಯಾವುದು ಅಂತ ಹುಡ್ಕೋದು ಹ್ಯಾಂಗೆ?” ಅಂದರು.

ಹುಡುಕಿದ್ದು ನಾನು. ಹೌದು, ನಾನೇ! ಊರಿನಲ್ಲಿ ಯಾವ ಸೀರೆಗೆ ಯಾರು ಫಾಲ್ ಹಚ್ಚಿದ್ದು ಅಂತ ಹೊಲಿಗೆ ನೋಡಿ ಹೇಳಬಲ್ಲೆ ನಾನು. ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಿಲ, ಒಬ್ಬರು ಮೂರು ಹೊಲಿಗೆಗೆ ಒಮ್ಮೆ ಬಲಕ್ಕೆ ಎಳೆಯುತ್ತಾರೆ. ಬರವಣಿಗೆಯೂ ಹಾಗೇ ಇತ್ತು. ಅಮೆರಿಕ ಅನ್ನುವ ಶಬ್ದ ಇದ್ದ ಒಂದು ಹಾಳೆ ಸಿಕ್ಕಿದ್ದೇ ತಡ, ಅದೇ ಕೈಯ ಉಳಿದ ಹಾಳೆಗಳನ್ನು ಆರಿಸುತ್ತಾ ಹೋದೆ. ಏನು ಬರೆದಿದೆ ಅಂತ ಓದಲಿಲ್ಲ, ಕೈ ಮಾತ್ರ ನೋಡಿದೆ. ಮೂರು ದಿನ ಆ ಬೆಂಚಿನ ಮೇಲೆಯೇ ಕೂತಿದ್ದೆ.

“ಅಮ್ಮಾ, ನೀವು ಪೊಲೀಸಿಗೆ ಸೇರ್ಬೇಕಿತ್ತು” ಅಂದರು ಅವರು.

“ಸೇರಿದ್ರೆ ಮೊದ್ಲು ನಿಮ್ಮನ್ನೇ ಹಿಡೀತಿದ್ದೆ, ಕಂಡವ್ರ ಕಾಗ್ದ ಓದೋದಕ್ಕೆ” ಅಂದೆ.

ಐದು ಪಾಠಗಳಲ್ಲಿ ನಾಲ್ಕು ಸಿಕ್ಕಿದವು. ಅಂಚಿನಲ್ಲಿ ತಿಂದುಹೋದ ಅಕ್ಷರಗಳನ್ನು ಮೊಮ್ಮಗಳು ಊಹಿಸಿ ತುಂಬಿಕೊಂಡಳು. ಓದಿದ್ದನ್ನು ಅಜ್ಜಿಗೆ ಹೇಳು, ಆಗ ತಲೆಯಲ್ಲಿ ನಿಲ್ಲುತ್ತದೆ ಅಂತ ಅವರೇ ಅವಳಿಗೆ ಹೇಳಿದ್ದರು. ನಾನು ಸೀರೆ ಹರವಿಕೊಂಡು ಕೂತರೆ ಅವಳು ಎದುರಿಗೆ ಕೂತು ಒಪ್ಪಿಸುವಳು. ಅಲ್ಲಿಯ ಹೆಂಗಸರು ಹೋರಾಟ ಮಾಡಿ ದೇಶಕ್ಕೆ ದೇಶವೇ ಹೆಂಡ ನಿಲ್ಲಿಸಿದರಂತೆ, ಆಮೇಲೆ ಸರ್ಕಾರ ಮತ್ತೆ ಬಿಟ್ಟಿತಂತೆ. ಬ್ಯಾಂಕುಗಳು ಬಾಗಿಲು ಹಾಕಿ ಜನ ಒಂದು ಬಟ್ಟಲು ಗಂಜಿಗೆ ಸಾಲು ನಿಂತರಂತೆ.

“ದುಡ್ಡು ಇಟ್ಟವ್ರ ಗತಿ ಎಂತದೇ?” ಅಂದೆ.

“ಅದೇ ಅಜ್ಜಿ ಹತ್ತು ಮಾರ್ಕ್ಸಿನ ಪ್ರಶ್ನೆ!”

ನಗು ಬರುತ್ತಿತ್ತು. ಆದರೆ ದಿನ ಕಳೆಯುತ್ತಿತ್ತು, ಐದನೆಯ ಪಾಠ ಸಿಗುತ್ತಿರಲಿಲ್ಲ. ಕರಿಯ ಜನರ ಹಕ್ಕಿನ ಹೋರಾಟದ ಪಾಠ ಅದು. ಪ್ರತಿ ಸಲವೂ ಅದರಿಂದ ಒಂದು ದೊಡ್ಡ ಪ್ರಶ್ನೆ ಬರುತ್ತದೆ ಅಂತ ಅವಳು ಉಗುರು ಕಚ್ಚಿಕೊಂಡಳು. ಅವರು ಸಾಗರದ, ತೀರ್ಥಹಳ್ಳಿಯ ಜೆರಾಕ್ಸ್ ಅಂಗಡಿಗಳಿಗೆಲ್ಲ ಫೋನ್ ಮಾಡಿದರು. “ತಪ್ಪಿದ ಕಾಗ್ದ ಯಾರಾದ್ರೂ ಇಟ್ಕೊಳ್ತಾರನಾ ಮಾರಾಯ” ಅಂತ ಅವರೆಲ್ಲ ನಕ್ಕರಂತೆ.

ಪರೀಕ್ಷೆಗೆ ಎರಡು ದಿನ ಉಳಿಯಿತು. ನಾನು ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. “ಆ ಪಾಠ ನಿಮ್ಮ ಕೈ ಮೇಲೆ ಹೋಗಿರ್ಬೇಕಲ್ಲ. ನೀವು ಓದಿರ್ತೀರಿ. ಹೇಳ್ಕೊಡಿ.”

ಅವರ ಮುಖ ಬಿಳಿಚಿತು. “ಓದಿದ್ದು ಹೌದು ಅಮ್ಮಾ. ಓದಿದ್ದು ಅಷ್ಟೆ. ನಾ ಹೇಳಿ, ಅದು ತಪ್ಪಾಗಿ, ತಂಗಿ ಫೇಲಾದ್ರೆ? ಆ ಪಾಪ ನಂಗೆ ಬೇಡ.”

“ಹೇಳ್ದಿದ್ರೂ ಫೇಲೇ ಅಲ್ದಾ?”

ಅವರು ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳನ್ನು ಕರೆಸಿ, ಯಂತ್ರಕ್ಕೆ ಒರಗಿ ನಿಂತು ಹೇಳಲು ಶುರು ಮಾಡಿದರು. ಒಬ್ಬ ಹೆಂಗಸು ಕೆಲಸ ಮುಗಿಸಿ ಬಸ್ ಹತ್ತಿ ಕೂತದ್ದು. ಬಿಳಿಯರಿಗೆ ಸೀಟು ಬಿಡು ಅಂದಾಗ ಏಳದೆ ಇದ್ದದ್ದು. ಪೊಲೀಸರು ಹಿಡಿದುಕೊಂಡು ಹೋದದ್ದು. ಆ ಊರಿನ ಕರಿಯ ಜನ ಬಸ್ಸೇ ಹತ್ತುವುದಿಲ್ಲ ಅಂತ ಮೂರು ತಿಂಗಳು ಕೆಲಸಕ್ಕೆ ನಡೆದುಕೊಂಡೇ ಹೋದದ್ದು. ಕೊನೆಗೆ ಕೋರ್ಟು ಅವರ ಪರ ಹೇಳಿದ್ದು. ಹೇಳುತ್ತಾ ಅವರ ಹಣೆ ಬೆವರುತ್ತಿತ್ತು. ನಡುನಡುವೆ ನಿಲ್ಲಿಸಿ, “ಇದು ಹೌದು ಅಂತ ಕಾಣ್ತದೆ... ಹೌದು, ಹೌದು” ಅನ್ನುತ್ತಿದ್ದರು. ಅವಳು ಬರೆದುಕೊಂಡಳು.

ಪರೀಕ್ಷೆ ಸಾಗರದಲ್ಲಿ. ನಾನೂ ಹೋಗಿ ಕಾಲೇಜಿನ ಕಾಂಪೌಂಡಿನ ಹೊರಗೆ ಮೂರು ಗಂಟೆ ನಿಂತಿದ್ದೆ. ಹೊರಗೆ ಬಂದವಳು ದೂರದಿಂದಲೇ ಕೈ ಎತ್ತಿದಳು. “ಬಂದಿತ್ತು ಅಜ್ಜಿ! ಹದಿನೈದು ಮಾರ್ಕ್ಸಿಗೆ!”

ವಾಪಸ್ ಬಂದು ಅವರಿಗೆ ಹೇಳಿದರೆ, ಖುಷಿ ಪಡುವ ಬದಲು ಅವರು ಕುರ್ಚಿಗೆ ಕುಸಿದರು. “ನಾ ಹೇಳಿದ್ದನ್ನೇ ಬರೆದ್ಯಾ ತಂಗಿ?”

“ಹೌದು, ಹಂಗೇ ಬರೆದೆ.”

“ಅಯ್ಯೋ...”

ಅವತ್ತಿನಿಂದ ನಮಗಿಂತ ಅವರಿಗೇ ಹೆಚ್ಚು ಹೆದರಿಕೆ. ನಾನು ತರಕಾರಿಗೆ ಹೋದರೂ ಅಂಗಡಿಯಿಂದ ಇಳಿದು ಬಂದು, “ರಿಸಲ್ಟ್ ಬಂತಾ ಅಮ್ಮಾ?” ಅಂತ ಕೇಳುವರು. ಬೇರೆ ಯಾರನ್ನಾದರೂ ವಿಚಾರಿಸಬೇಕಿತ್ತು, ದುಡುಕಿಬಿಟ್ಟೆ ಅನ್ನುವರು. ಒತ್ತಾಯ ಮಾಡಿದವಳು ನಾನು. ನನಗೂ ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಅವರನ್ನು ತಪ್ಪಿಸಿಕೊಳ್ಳಲು ಬಳಸು ದಾರಿಯಲ್ಲಿ ಹೋದೆ. ಅದನ್ನು ನೆನೆದರೆ ಈಗಲೂ...

ಒಂದು ಸೋಮವಾರ ಅಂಗಡಿ ತೆಗೆದಿರಲಿಲ್ಲ. ಎದೆನೋವು ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರಂತೆ. ದಾರಿಯಲ್ಲೇ ಮುಗಿದು ಹೋಯಿತು ಅಂದರು. ಅದಾಗಿ ಒಂಬತ್ತನೆಯ ದಿನ ರಿಸಲ್ಟ್ ಬಂತು. ಪಾಸಿಗೆ ಬೇಕಾದ್ದಕ್ಕಿಂತ ಮೂರು ಮಾರ್ಕ್ಸು ಹೆಚ್ಚು. ಮೊಮ್ಮಗಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ಮಗ ಆಟೋದಲ್ಲಿ ಕೂತು ಕಣ್ಣು ಒರೆಸಿಕೊಂಡ. ನಾನು ಮಾತ್ರ ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟು, ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಆಗ ಹೊಳೆಯಿತು.

ನಿನ್ನೆ ಸಂಜೆ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ನಾಳಿನ ಪಾಠ ಒಪ್ಪಿಸಿದಳು. ಆ ಹೆಂಗಸಿನ ಕಥೆ ಬಂತು. ಜನ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ ಹತ್ತದೆ ನಡೆದರು ಅಂದಳು.

“ಮೂರು ತಿಂಗಳಲ್ದನೇ?” ಅಂದೆ.

ಅವಳು ಕಾಗದ ಕೆಳಗಿಟ್ಟಳು. “ಅಲ್ಲ ಅಜ್ಜಿ. ಅವರು ಹೇಳಿದ್ದು ತಪ್ಪಿತ್ತು. ನಂಗೂ ಎಂ.ಎ.ಗೆ ಹೋದ್ಮೇಲೆ ಗೊತ್ತಾಗಿದ್ದು. ಪರೀಕ್ಷೆಲಿ ನಾನೂ ಮೂರು ತಿಂಗಳು ಅಂತಲೇ ಬರ್ದಿದ್ದೆ.”

“ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?”

“ಅವರ ವಿಷ್ಯ ಬಂದಾಗ ನಿನ್ನ ಮುಖ ನೋಡ್ತಿದ್ನಲ್ಲ... ಮನಸ್ಸು ಬರ್ಲಿಲ್ಲ.”

ಪಾಸಾಗಿ ಇಷ್ಟು ವರ್ಷ ಆದ ಮೇಲೆ ನನ್ನ ಎದೆ ಡವಗುಟ್ಟಿತು. ಮೂರೇ ಮಾರ್ಕ್ಸಲ್ಲಿ ದಾಟಿದ್ದು. ಅವರು ಸುಮ್ಮನೆ ಹೆದರಿದ್ದಲ್ಲ.

ಇವತ್ತು ಬೆಳಗಿನ ಬಸ್ಸಿಗೆ ಅವಳು ಕಾಲೇಜಿಗೆ ಹೋದಳು. ಹೊಸ ಸೀರೆ ಉಟ್ಟಿದ್ದಳು, ಫಾಲ್ ಹಚ್ಚಿದ್ದು ನಾನೇ. ಬಸ್ ತಿರುಗಿ ಕಾಣದಾಗುವ ತನಕ ನಿಂತಿದ್ದೆ. ಅವರ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಅವರು ಇದ್ದಿದ್ದರೆ ಬಸ್‌ಸ್ಟ್ಯಾಂಡಿನಿಂದ ನೇರ ಅಂಗಡಿಯೊಳಗೆ ನುಗ್ಗಿ, ಸಾಲು ನಿಂತವರನ್ನೆಲ್ಲ ಬದಿಗೆ ಸರಿಸಿ, ನಿಮ್ಮ ತಂಗಿ ಮೇಡಂ ಆದಳು ಅಂತ ಕೂಗಿ ಹೇಳುತ್ತಿದ್ದೆ. ಅವರು ಕನ್ನಡಕ ಇಳಿಸಿ ನೋಡಿ, “ನಾ ಹೇಳಿದ್ದು ಸರಿ ಇತ್ತಾ ಅಮ್ಮಾ?” ಅಂತ ಕೇಳದೆ ಬಿಡುತ್ತಿರಲಿಲ್ಲ.

“ಎಲ್ಲಾ ಸರಿ ಇತ್ತು ಮಾರಾಯ್ರೆ” ಅನ್ನುತ್ತಿದ್ದೆ.