ಓತಕರ್ ಹೊಲುಬನ ಅಸಲಿ ಜಾವಾ

ಓತಕರ್ ಹೊಲುಬ್ ಹತ್ತೊಂಬತ್ತು ವರ್ಷ ಒಂದೇ ಮೋಟಾರ್ ಸೈಕಲ್ಲನ್ನು ದುರಸ್ತಿ ಮಾಡಿದ. ಅದು ಅಷ್ಟೊಂದು ಕೆಟ್ಟಿತ್ತು ಅಂತಲ್ಲ. ದುರಸ್ತಿ ಮುಗಿದುಬಿಟ್ಟರೆ ಅದನ್ನು ಓಡಿಸಬೇಕಾಗುತ್ತದಲ್ಲ, ಆ ಗಂಡಾಂತರವನ್ನು ಅವನು ಬಹಳ ಎಚ್ಚರದಿಂದ ಮುಂದಕ್ಕೆ ತಳ್ಳಿಕೊಂಡು ಬಂದ.

ನನ್ನ ಗ್ಯಾರೇಜು ಅವನ ಗ್ಯಾರೇಜಿಗೆ ಅಂಟಿಕೊಂಡೇ ಇದೆ. ನಮ್ಮ ಪೊಡ್ಲೆಸಿ ಊರಿನ ಹೊರಗೆ, ರೈಲು ಹಳಿಯ ಪಕ್ಕ, ಇಂಥ ನಲವತ್ತು ಗ್ಯಾರೇಜುಗಳು ಸಾಲಾಗಿ ನಿಂತಿವೆ. ಅದರಲ್ಲಿ ಕಾರು ನಿಲ್ಲಿಸುವವರು ಮೂರೋ ನಾಲ್ಕೋ ಜನ. ಉಳಿದ ಗಂಡಸರು ಶನಿವಾರ ಮನೆಯಿಂದ ಹೊರಬೀಳಲು ಒಂದು ಜಾಗ ಬೇಕಲ್ಲ ಎಂದು ಇಟ್ಟುಕೊಂಡವರು. ನನ್ನದರಲ್ಲಿ ಆಲೂಗಡ್ಡೆ ಮೂಟೆಗಳೂ ಸ್ಲಿವೊವಿತ್ಸೆ ಬಾಟಲಿಗಳೂ ಇವೆ. ಪ್ಲಮ್ ಹಣ್ಣಿನ ಆ ಸಾರಾಯಿ ತಂಪಿನಲ್ಲಿರಬೇಕು, ಅದನ್ನು ಆಗಾಗ ಯಾರಾದರೂ ಬಂದು ವಿಚಾರಿಸಿಕೊಳ್ಳಬೇಕು. ನನ್ನ ನೆಪ ಅದು. ಓತಕರನ ನೆಪ ಜಾವಾ.

ಅವನು ಊರಿನ ಶಾಲೆಯ ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲಿದ್ದ. ಶಾಲೆಯ ಬೆಂಚುಗಳು ಅಲ್ಲಾಡುತ್ತಿದ್ದವು, ಕಿಟಕಿಗಳು ಮುಚ್ಚುತ್ತಿರಲಿಲ್ಲ. ಅವುಗಳಿಗೆ ಕೈಗೆ ಸಿಕ್ಕ ತಿರುಪು ಹಾಕಿ ಸಿಗರೇಟು ಹಚ್ಚುತ್ತಿದ್ದ ಈ ಮನುಷ್ಯ, ತನ್ನ ಗಾಡಿಯ ಒಂದು ಬೋಲ್ಟಿಗಾಗಿ ಸ್ಲೊವಾಕಿಯಾದ ಗಡಿಯ ತನಕ ಬಸ್ಸಿನಲ್ಲಿ ಹೋಗಿ ಬಂದಿದ್ದ. ಆ ಬೋಲ್ಟಿನ ತಲೆಯ ಮೇಲೆ ಐವತ್ತೊಂದನೇ ಇಸವಿಯಲ್ಲಿ ಹಾಕುತ್ತಿದ್ದ ಗುರುತೇ ಇರಬೇಕಂತೆ. ಕೂರಿಸಿದ ಮೇಲೆ ಆ ಗುರುತು ಯಾರಿಗೂ ಕಾಣುವುದಿಲ್ಲ, ಅದರ ಮೇಲೆ ಮುಚ್ಚಳ ಬರುತ್ತದೆ. "ನಂಗೆ ಗೊತ್ತಿರತ್ತಲ್ಲ" ಎನ್ನುತ್ತಿದ್ದ ಓತಕರ್.

ಗಾಡಿ ಸಿಕ್ಕಿದ್ದು ತೊಂಬತ್ತನಾಲ್ಕರಲ್ಲಿ, ಸುಖ್ದೊಲ್ ಹಳ್ಳಿಯ ಒಂದು ಕೊಟ್ಟಿಗೆಯಲ್ಲಿ. ಐವತ್ತೊಂದನೇ ಇಸವಿಯ ಜಾವಾ ಇನ್ನೂರೈವತ್ತು. ಸೀಟಿನ ಮೇಲೆ ಕೋಳಿಗಳು ಮಲಗುತ್ತಿದ್ದವು, ಸೈಲೆನ್ಸರಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಮೈಮೇಲೆಲ್ಲ ದಪ್ಪಗೆ ಹಸಿರು ಬಣ್ಣ ಮೆತ್ತಿತ್ತು, ಅದರಲ್ಲಿ ಬ್ರಷ್ಷಿನ ಕೂದಲೂ ಅಂಟಿಕೊಂಡಿತ್ತು. ಈ ಗಾಡಿ ಕಾರ್ಖಾನೆಯಿಂದ ಬಂದಾಗ ಕಡುಗೆಂಪು, ಟ್ಯಾಂಕಿನ ಮೇಲೆ ಚಿನ್ನದ ಗೆರೆ. ಯಾವನೋ ಅಡ್ಡಕಸುಬಿ ಇದರ ಮಾನ ತೆಗೆದಿದ್ದಾನೆ ಎಂದು ಓತಕರ್ ಹಲ್ಲು ಕಡಿದ. ಇಡೀ ಒಂದು ಚಳಿಗಾಲ ಕೂತು ಆ ಹಸಿರನ್ನು ಉಜ್ಜಿ ತೆಗೆದ. ಒಂದು ಚೂರೂ ಉಳಿಸಲಿಲ್ಲ. ಟ್ಯಾಂಕಿನ ಮೇಲಿನ ತಗ್ಗುಗಳನ್ನು ತಟ್ಟಿ ಸಮ ಮಾಡಿದ, ಒಂದು ಕಡೆ ಬಾಗಿದ್ದ ಚೌಕಟ್ಟನ್ನು ನೇರ ಮಾಡಿಸಿದ.

ಹಳೆಯ ಕಾಗದಪತ್ರಗಳಲ್ಲಿ ಮೊದಲ ಯಜಮಾನನ ಹೆಸರಿತ್ತು: ಲಾಡಿಸ್ಲಾವ್ ವಾವ್ರಾ, ಸಹಕಾರಿ ಕೃಷಿ ಸಂಘದ ಗುಮಾಸ್ತ. ಸತ್ತು ವರ್ಷಗಳಾಗಿದ್ದವು. ಅವನಿಗೆ ಹೆಂಡತಿ ಇದ್ದಳೋ, ಇನ್ನೂ ಇದ್ದಾಳೋ ಎಂದು ಕೇಳುವ ಗೋಜಿಗೆ ಓತಕರ್ ಹೋಗಲಿಲ್ಲ. ಹೆಂಗಸರಿಗೆ ಬೋಲ್ಟಿನ ವಿಷಯ ಏನು ತಿಳಿದಿರುತ್ತದೆ?

ಅವನ ಸ್ವಂತ ಹೆಂಡತಿ ವ್ಲಾಸ್ತ ಈ ಹತ್ತೊಂಬತ್ತು ವರ್ಷದಲ್ಲಿ ತಂಗಿಯ ಜೊತೆ ಹದಿನಾಲ್ಕು ಸಲ ಸಮುದ್ರ ತೀರಕ್ಕೆ ಹೋಗಿ ಬಂದಳು. ಓತಕರನಿಗೆ ಪ್ರತಿ ಬೇಸಿಗೆಯೂ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಚಕ್ರದ ಕಡ್ಡಿ, ಇನ್ನೊಂದು ವರ್ಷ ಕಾರ್ಬೊರೇಟರು. ವ್ಲಾಸ್ತ ಜಗಳವಾಡಲಿಲ್ಲ. ಹೊರಡುವಾಗ ಗ್ಯಾರೇಜಿಗೆ ಬಂದು, ಫ್ರಿಜ್ಜಿನಲ್ಲಿ ಸಾರೂ ಡಂಪ್ಲಿಂಗೂ ಇದೆ ಎಂದು ಹೇಳಿ ಹೋಗುತ್ತಿದ್ದಳು. ಮೈಗೆ ಬಿಸಿಲು ಹಿಡಿಸಿಕೊಂಡು, ತುಂಬ ಖುಷಿಯಾಗಿ ವಾಪಸು ಬರುತ್ತಿದ್ದಳು.

ಗಾಡಿ ಹತ್ತದಿದ್ದರೂ ಗಾಡಿಗಳ ವಿಷಯದಲ್ಲಿ ದೊಡ್ಡ ಮನುಷ್ಯನಾಗುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಹಳೇ ಮೋಟಾರ್ ಸೈಕಲ್ಲುಗಳ ಸಂಘದಲ್ಲಿ ಓತಕರ್ ತೀರ್ಪುಗಾರನಾದ. ಸಂಘದ ಅಧ್ಯಕ್ಷ ಸ್ವಾತೊಪ್ಲುಕ್ ವೃತ್ತಿಯಲ್ಲಿ ದಂತವೈದ್ಯ. ಊರಿನ ಅರ್ಧ ಬಾಯಿಗಳಿಗೆ ಕಟ್ಟಿಸಿದ ಹಲ್ಲು ಕೂರಿಸಿದ ಈ ಮಹಾಶಯನೇ ಅಸಲಿತನದ ಕಾವಲುಗಾರ. ಪ್ರತಿ ಮೇ ತಿಂಗಳು ಅಗ್ನಿಶಾಮಕ ಠಾಣೆಯ ಮುಂದೆ ಗಾಡಿಗಳ ಪ್ರದರ್ಶನ. ಓತಕರ್ ಮೊಣಕಾಲೂರಿ, ಟಾರ್ಚು ಹಿಡಿದು, ಒಬ್ಬೊಬ್ಬರ ಗಾಡಿಯ ಹೊಟ್ಟೆಯ ಕೆಳಗೂ ಇಣುಕುತ್ತಿದ್ದ. ನಲವತ್ತು ಕಿಲೋಮೀಟರು ಓಡಿಸಿಕೊಂಡು ಬಂದವನಿಗೆ, ನಿನ್ನ ಕನ್ನಡಿ ಎಪ್ಪತ್ತೆರಡರದ್ದು ಎಂದು ಹೇಳಿ ಹೊರಗೆ ನಿಲ್ಲಿಸುತ್ತಿದ್ದ. ಯಾರೋ ಒಬ್ಬ ಅಂದವಾದ ಚರ್ಮದ ಸೀಟು ಹೊಲಿಸಿಕೊಂಡು ಬಂದಾಗಲಂತೂ ಸಂಘದ ನಿಯಮಕ್ಕೆ ಏಳನೇ ಕಲಮು ಸೇರಿಸಿಯೇ ಬಿಟ್ಟ: ಗಾಡಿಯು ಮೊದಲ ಯಜಮಾನನ ಕೈಯಲ್ಲಿ ಹೇಗೆ ಬಾಳಿತ್ತೋ ಹಾಗೆಯೇ ಇರತಕ್ಕದ್ದು.

ಎರಡು ಸಾವಿರದ ಹದಿಮೂರರ ಮೇ ತಿಂಗಳಲ್ಲಿ ಕೊನೆಗೂ ಜಾವಾ ಮುಗಿಯಿತು. ಮುಗಿಸದೆ ಬೇರೆ ದಾರಿಯಿರಲಿಲ್ಲ, ಹುಡುಕಲು ಇನ್ನೊಂದು ಬೋಲ್ಟೂ ಉಳಿದಿರಲಿಲ್ಲ. ಆ ವರ್ಷ ಓತಕರ್ ತೀರ್ಪುಗಾರನ ಕೆಲಸ ಬಿಟ್ಟು ಸ್ಪರ್ಧಿಯಾದ. ಗಾಡಿಯನ್ನು ನಾವಿಬ್ಬರೂ ನನ್ನ ಟ್ರೇಲರಿನಲ್ಲಿ ಕಂಬಳಿ ಹೊದಿಸಿ ಒಯ್ದೆವು. ಗ್ಯಾರೇಜಿನಿಂದ ಅಗ್ನಿಶಾಮಕ ಠಾಣೆಗೆ ಎಂಟುನೂರು ಮೀಟರು. ಓಡಿಸಿಕೊಂಡು ಹೋದರೆ ಧೂಳಾಗುತ್ತದೆ ಎಂದ.

ಸುಳ್ಳು ಹೇಳಬಾರದು, ಗಾಡಿ ಚೆನ್ನಾಗಿತ್ತು. ಕಡುಗೆಂಪು ಬಣ್ಣದಲ್ಲಿ ಆಕಾಶ ಕಾಣುತ್ತಿತ್ತು. ಅದರ ಮುಂದೆ ಓತಕರ್ ಒಂದು ಫಲಕ ನಿಲ್ಲಿಸಿದ್ದ. ಮೊದಲ ಯಜಮಾನ ಲಾಡಿಸ್ಲಾವ್ ವಾವ್ರಾ ಅವರು ನಿರ್ಭೀತ ಸವಾರರಾಗಿದ್ದರೆಂದೂ, ದುರಸ್ತಿಗೆ ಮುಂಚೆ ಚೌಕಟ್ಟಿನಲ್ಲಿ ಕಂಡ ಪೆಟ್ಟುಗಳನ್ನು ನೋಡಿದರೆ ಅವರು ಬೆಟ್ಟದ ರೇಸುಗಳಲ್ಲಿ ಭಾಗವಹಿಸಿರಲೇಬೇಕೆಂದೂ ದುಂಡು ಅಕ್ಷರದಲ್ಲಿ ಬರೆದಿದ್ದ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗಸಗಸೆ ತುಂಬಿದ ಕೋಲಾಚ್ ರೊಟ್ಟಿ ಕೊಳ್ಳಲು ಬಂದ ಒಬ್ಬ ಮುದುಕಿ ಫಲಕದ ಮುಂದೆ ನಿಂತಳು. ಕನ್ನಡಕ ಏರಿಸಿ ಪೂರ್ತಿ ಓದಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕೈಯಲ್ಲಿದ್ದ ಪೊಟ್ಟಣವನ್ನು ಜಾವಾದ ಸೀಟಿನ ಮೇಲಿಟ್ಟಳು. ಓತಕರನ ಮುಖ ಬಿಳಿಚಿತು.

"ಇದನ್ನ ಬರ್ದೋರು ಯಾರಪ್ಪ?" ಎಂದು ಕೇಳಿದಳು.

ತಾನೇ ಎಂದ ಓತಕರ್, ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತುತ್ತ.

"ನಮ್ಮ ಲಾಡ್ಯ ರೇಸಿಗೆ ಹೋಗಿದ್ನಾ? ಪಾಪ, ಅವನಿಗೆ ಗಾಡಿ ಓಡ್ಸೋಕೇ ಬರ್ತಿರ್ಲಿಲ್ಲ. ಓಡಿಸ್ತಿದ್ದೋಳು ನಾನು. ಅವನು ಹಿಂದೆ ನನ್ನ ಚೀಲ ತಬ್ಕೊಂಡು, ಕಣ್ಮುಚ್ಕೊಂಡು, ದೇವರೇ ದೇವರೇ ಅಂತಿದ್ದ."

ಅವಳೇ ವಾವ್ರಾನ ಹೆಂಡತಿ, ಅನೆಷ್ಕಾ ವಾವ್ರೋವಾ. ಅಗ್ನಿಶಾಮಕ ಠಾಣೆಯ ಹಿಂದಿನ ಎರಡನೇ ಬೀದಿಯಲ್ಲಿ, ಮಗಳ ಮನೆಯಲ್ಲಿ ಹದಿನಾರು ವರ್ಷದಿಂದ ಇದ್ದಳು. ಓತಕರ್ ದಿನಾ ಅವಳ ಕಿಟಕಿಯ ಕೆಳಗೇ ಶಾಲೆಗೆ ಹೋಗುತ್ತಿದ್ದ. ಐವತ್ತರ ದಶಕದಲ್ಲಿ ಅವಳು ಸುತ್ತಿನ ಏಳು ಬೆಟ್ಟದ ಹಳ್ಳಿಗಳಿಗೆ ಸೂಲಗಿತ್ತಿ. ಜಾವಾ ಕೊಂಡದ್ದೇ ಅದಕ್ಕೆ. ಕಾಗದ ಮಾತ್ರ ಗಂಡನ ಹೆಸರಿನಲ್ಲಿ, ಯಾಕೆಂದರೆ ಕಾಗದಗಳು ಗಂಡಂದಿರ ಹೆಸರಿನಲ್ಲೇ ಇರುತ್ತವೆ. ಬೆಟ್ಟದ ರೇಸಿನ ಪೆಟ್ಟುಗಳ ಕಥೆಯನ್ನೂ ಅವಳು ಹೇಳಿದಳು. ಒಂದು ಫೆಬ್ರವರಿಯಲ್ಲಿ ಹಿಮದ ಮೇಲೆ ಜಾರಿ ಗಂಡ ಹೆಂಡಿರಿಬ್ಬರೂ ಗಾಡಿ ಸಮೇತ ಹಳ್ಳಕ್ಕೆ ಬಿದ್ದರು. ಲಾಡ್ಯನನ್ನು ಅಲ್ಲೇ ಕೂರಿಸಿ, ಒದ್ದೆ ಬಟ್ಟೆಯಲ್ಲೇ ಮೂರು ಕಿಲೋಮೀಟರು ನಡೆದು ಹೋಗಿ ಅವಳಿ ಮಕ್ಕಳ ಹೆರಿಗೆ ಮಾಡಿಸಿ ಬಂದಳು.

"ಬಣ್ಣ ಯಾಕೆ ಹಿಂಗಿದೆ?" ಎಂದು ಕೇಳಿದಳು ಕೊನೆಗೆ.

"ಇದೇ ಅಸಲಿ ಬಣ್ಣ ಅಮ್ಮ. ಕಾರ್ಖಾನೆಯಿಂದ ಬಂದಿದ್ದು."

"ಅದು ಎರಡು ವರ್ಷಾನೂ ಇರ್ಲಿಲ್ಲ. ಹಳ್ಳಕ್ಕೆ ಬಿದ್ಮೇಲೆ ನಾನೇ ಹಸಿರು ಬಳಿದೆ. ಅಡಿಗೆಮನೆ ಕುರ್ಚಿಗೆ ತಂದಿದ್ದು ಮಿಕ್ಕಿತ್ತು. ಮಾರೋವರೆಗೂ ಹಸಿರೇ. ಹಸಿರು ಗಾಡಿ ಬರ್ತಾ ಇದೆ ನೀರು ಕಾಯ್ಸಿ ಅಂತ ದೂರದಿಂದ್ಲೇ ಕೂಗೋರು."

ಏಳನೇ ಕಲಮು ನನಗೆ ನೆನಪಾಗುವ ಮೊದಲೇ ಓತಕರನಿಗೆ ನೆನಪಾಗಿತ್ತು. ಅಧ್ಯಕ್ಷ ಸ್ವಾತೊಪ್ಲುಕ್ ಅವನ ಹೆಗಲ ಮೇಲೆ ಕೈಯಿಟ್ಟು, "ಬಿಡೋ ಓತ, ಮುದುಕಿ ಮಾತನ್ನ ಯಾರು ಬರ್ಕೊಂಡಿದಾರೆ?" ಎಂದ.

"ನಾನು ಬರ್ಕೊಂಡಿದೀನಿ" ಎಂದ ಓತಕರ್.

ನಿಜಕ್ಕೂ ಬರೆದುಕೊಂಡಿದ್ದ. ತೀರ್ಪುಗಾರಿಕೆ ಬಿಟ್ಟರೂ ಜೇಬಿನಲ್ಲೇ ಉಳಿದಿದ್ದ ಸಂಘದ ತಿರಸ್ಕಾರ ಪತ್ರವನ್ನು ತೆಗೆದು, ತನ್ನದೇ ಗಾಡಿಯ ಸಂಖ್ಯೆ ತುಂಬಿ, ಕಾರಣ ಬರೆದು, ತೀರ್ಪುಗಾರನ ಜಾಗದಲ್ಲೂ ಸ್ಪರ್ಧಿಯ ಜಾಗದಲ್ಲೂ ತಾನೇ ಸಹಿ ಹಾಕಿದ. ಹತ್ತು ವರ್ಷ ಅವನ ಟಾರ್ಚಿಗೆ ಸಿಕ್ಕಿ ನೊಂದವರೆಲ್ಲ ಅಲ್ಲಿ ನೆರೆದಿದ್ದರು. ಅವನು ಬೀಳುವುದನ್ನು ನೋಡಬೇಕೆಂದು ಕಾದಿದ್ದವರಿಗೆ, ಬಿದ್ದಾಗ ನಗುವುದಕ್ಕೆ ಬಾಯೇ ಬರಲಿಲ್ಲ. ನಾವು ಗಾಡಿಗೆ ಮತ್ತೆ ಕಂಬಳಿ ಹೊದಿಸಿ ಎಂಟುನೂರು ಮೀಟರು ವಾಪಸು ತಂದೆವು. ನನ್ನ ಗ್ಯಾರೇಜಿನಲ್ಲಿ ಆಲೂಗಡ್ಡೆ ಮೂಟೆಯ ಮೇಲೆ ಕೂತು ಮೂರು ಲೋಟ ಕುಡಿದ.

"ಒಂದು ಚಳಿಗಾಲ ಪೂರ್ತಿ ಉಜ್ಜಿದ್ನಲ್ಲೋ" ಎಂದ. ಅಷ್ಟೇ.

ಬುದ್ಧಿಯಿರುವ ಮನುಷ್ಯನಾದರೆ ಅಲ್ಲಿಗೆ ಬಿಡುತ್ತಿದ್ದ. ಓತಕರ್ ಜೂನ್ ತಿಂಗಳಲ್ಲಿ ಗಾಡಿಯನ್ನು ಮತ್ತೆ ಬಿಚ್ಚಿದ. ಈಗ ಐವತ್ತಮೂರರಲ್ಲಿ ಅಡಿಗೆಮನೆ ಕುರ್ಚಿಗೆ ಬಳಿಯುತ್ತಿದ್ದ ಹಸಿರು ಬೇಕಾಗಿತ್ತು. ಕುರ್ಚಿಗಳು ಎಂದೋ ಒಲೆ ಸೇರಿದ್ದವು. ಬಣ್ಣದ ಅಂಗಡಿಗಳಿಂದ ಮೂವತ್ತೆರಡು ಬಗೆಯ ಹಸಿರಿನ ಚೀಟಿಗಳನ್ನು ತಂದು, ಪ್ರತಿ ಗುರುವಾರ ಅನೆಷ್ಕಾಳ ಮನೆಗೆ ಹೋಗಿ ಅವಳ ಮುಂದೆ ಹರಡತೊಡಗಿದ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಒಂದು ವಾರ ಇದೇ ಎಂದ ಹಸಿರನ್ನು ಮುಂದಿನ ವಾರ ಛೀ ಎನ್ನುತ್ತಿದ್ದಳು. ಚೀಟಿಗಳನ್ನು ಬದಿಗೆ ಸರಿಸಿ, ಯಾವ ಹಳ್ಳಿಯಲ್ಲಿ ಯಾವ ಹೆಂಗಸು ಹೇಗೆ ಹೆತ್ತಳು, ಯಾವ ಗಂಡ ಮೂರ್ಛೆ ಹೋದ ಎಂದು ಕಥೆ ಹೇಳುತ್ತಿದ್ದಳು. ದಂತವೈದ್ಯ ಸ್ವಾತೊಪ್ಲುಕ್ ಕಾಲು ಮುಂದಾಗಿ ಹುಟ್ಟಿದವನೆಂದು ನಮಗೆ ತಿಳಿದದ್ದು ಹಾಗೆ. ಓತಕರ್ ಪುಸ್ತಕ ತೆರೆದು ಕೂತು, ಇಷ್ಟೆಲ್ಲದರಲ್ಲಿ ಬಣ್ಣಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಬರೆದುಕೊಳ್ಳುತ್ತಿದ್ದ. ಒಂದೂವರೆ ವರ್ಷದಲ್ಲಿ ಪುಟ ತುಂಬಲಿಲ್ಲ. ಆದರೆ ಗುರುವಾರ ತಪ್ಪಿಸಲೂ ಇಲ್ಲ. ಅವನು ಬರುವುದಕ್ಕೆ ಮೊದಲೇ ಅವಳು ಕಾಫಿ ಇಡುತ್ತಿದ್ದಳು.

ಎರಡು ಸಾವಿರದ ಹದಿನೈದರ ಏಪ್ರಿಲಿನಲ್ಲಿ ಅವಳಿಗೆ ಸಾಕಾಯಿತು. ಒಂದು ಮಧ್ಯಾಹ್ನ ಗ್ಯಾರೇಜು ಸಾಲಿನ ಮುಂದೆ ಬಸ್ಸಿನಿಂದಿಳಿದಳು. ಕೈಯಲ್ಲಿ ಅಳಿಯ ಬೇಲಿಗೆ ಬಳಿದು ಮಿಕ್ಕಿಸಿದ್ದ ಬಣ್ಣದ ಡಬ್ಬಿ, ಒಂದು ಬ್ರಷ್ಷು. ಹಸಿರೇ, ಆದರೆ ಬೇಲಿಯ ಹಸಿರು. ಈ ಬಣ್ಣ ಯಾವ ಇಸವಿಯದು ಎಂದು ಓತಕರ್ ಕೇಳಿದ.

"ಈ ಇಸವೀದು" ಎಂದಳು. "ಅವತ್ತೂ ಆ ಇಸವೀದೇ ಬಳಿದಿದ್ದು. ಪಕ್ಕಕ್ಕೆ ಸರಿ."

ಸೂಲಗಿತ್ತಿಯ ದನಿ ಅದು. ಓತಕರ್ ಸರಿದ. ಅವಳು ಮುಕ್ಕಾಲಿಯ ಮೇಲೆ ಕೂತು, ಹತ್ತೊಂಬತ್ತು ವರ್ಷ ನುಣುಪು ಮಾಡಿದ್ದ ಟ್ಯಾಂಕಿನ ಮೇಲೆ, ಚಿನ್ನದ ಗೆರೆಯ ಮೇಲೆ, ಬ್ರಷ್ಷು ಅದ್ದಿ ಎಳೆದಳು. ಬಣ್ಣ ಸೋರಿತು. ಬ್ರಷ್ಷಿನ ಕೂದಲು ಅಂಟಿತು. ಕೂದಲನ್ನು ಕೀಳಲು ಓತಕರ್ ಉಗುರು ಚಾಚಿದಾಗ ಅವನ ಕೈಗೊಂದು ಪೆಟ್ಟು ಬಿತ್ತು. ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅವನು ಟಾರ್ಚು ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದ. ಆಮೇಲೆ ನನ್ನ ಕಡೆ ತಿರುಗಿ, ದೇಶದಲ್ಲಿ ಇರುವ ಜಾವಾಗಳಲ್ಲಿ ಮೊದಲು ಬಣ್ಣ ಬದಲಿಸಿದ ಕೈಯಿಂದಲೇ ಮತ್ತೆ ಬಣ್ಣ ಬಳಿಸಿಕೊಂಡದ್ದು ಇನ್ನೊಂದು ಇದ್ದರೆ ತೋರಿಸು ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನು ತಮಾಷೆ ಮಾಡಿದ್ದನ್ನು ನಾನು ನೋಡಿಯೇ ಇಲ್ಲ.

ಮೇ ತಿಂಗಳ ಪ್ರದರ್ಶನದಲ್ಲಿ ಇದೇ ವಾದವನ್ನು ಸಂಘದ ಮುಂದಿಟ್ಟ. ಎರಡು ಗಂಟೆ ಚರ್ಚೆಯಾಯಿತು. ಬೇಲಿಯ ಬಣ್ಣಕ್ಕೆ ಅಸಲಿತನದ ಬಹುಮಾನ ಕೊಟ್ಟರೆ ಪಕ್ಕದ ಊರಿನವರು ನಗುತ್ತಾರೆಂದು ಸ್ವಾತೊಪ್ಲುಕ್ ಹೇಳಿದ. ಅನೆಷ್ಕಾ ಎದುರು ಬೆಂಚಿನಲ್ಲೇ ಕೂತಿದ್ದರಿಂದ ಜೋರಾಗಿ ಹೇಳಲಿಲ್ಲ. ಕೊನೆಗೆ ಜಾವಾವನ್ನು ತಮ್ಮಿಷ್ಟದಂತೆ ಮಾರ್ಪಡಿಸಿದ ಗಾಡಿಗಳ ವಿಭಾಗಕ್ಕೆ ದಬ್ಬಿದರು. ಅಲ್ಲಿ ಅದಕ್ಕೆ ಮೂರನೇ ಬಹುಮಾನ ಬಂತು. ಬಿಯರ್ ಪೀಪಾಯಿಗೆ ಮೂರು ಚಕ್ರ ಹಚ್ಚಿದ ಒಂದು ವಾಹನ ಎರಡನೆಯದು. ಓತಕರ್ ಹನ್ನೊಂದು ಪುಟದ ಮೇಲ್ಮನವಿ ಬರೆದ. ಅದಿನ್ನೂ ಸಂಘದ ಪರಿಶೀಲನೆಯಲ್ಲಿದೆ.

ಇನ್ನು ಗಾಡಿಯಲ್ಲಿ ಕೆಡುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ, ಜೂನ್ ತಿಂಗಳ ಒಂದು ಭಾನುವಾರ ಓತಕರ್ ಅದನ್ನು ಹತ್ತಿದ. ಹಿಂದೆ ವ್ಲಾಸ್ತ. ಹದಿನಾಲ್ಕು ಕಿಲೋಮೀಟರು ದೂರದ ಅವಳ ತಂಗಿಯ ಮನೆಗೆ ಊಟಕ್ಕೆ ಹೊರಟರು. ಕರಿದ ಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟು ಕಟ್ಟಿಕೊಂಡಿದ್ದಳು. ಊಟಕ್ಕೇ ಹೋಗುವಾಗ ಬುತ್ತಿ ಯಾಕೆ ಎಂದು ನಾನು ಕೇಳಿದೆ. ಅವಳು ಗಂಡನನ್ನು ತೋರಿಸಿದಳು.

ಆರನೇ ಕಿಲೋಮೀಟರಿನ ಏರಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಓತಕರ್ ಪ್ಲಗ್ಗು ಬಿಚ್ಚಿದ, ಕಾರ್ಬೊರೇಟರು ಬಿಚ್ಚಿದ, ಕರವಸ್ತ್ರ ಹಾಸಿ ಬೋಲ್ಟುಗಳನ್ನು ಸಾಲಾಗಿ ಜೋಡಿಸಿದ. ವ್ಲಾಸ್ತ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ಮುಕ್ಕಾಲು ಗಂಟೆಯಾದ ಮೇಲೆ ಅನೆಷ್ಕಾಳಿಗೆ ಫೋನು ಮಾಡಿ ಕೇಳು ಎಂದಳು. ಅವನು ಮೊದಲು ಒಪ್ಪಲಿಲ್ಲ. ಆಮೇಲೆ ಮಾಡಿದ. ಯಾವ ಸದ್ದು ಬಂತು, ಪ್ಲಗ್ಗಿನ ಬಣ್ಣ ಹೇಗಿದೆ ಎಂದೆಲ್ಲ ವಿವರಿಸಿದ.

ಮುದುಕಿ ಸಮಾಧಾನದಿಂದ ಕೇಳಿಸಿಕೊಂಡಳಂತೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳಂತೆ: "ಪೆಟ್ರೋಲ್ ಇದೆಯಾ?"

ಇಷ್ಟು ವರ್ಷಗಳಲ್ಲಿ ಆ ಟ್ಯಾಂಕಿಗೆ ಅವನು ಒಂದು ಲೋಟಕ್ಕಿಂತ ಹೆಚ್ಚು ಪೆಟ್ರೋಲು ಹಾಕಿದ್ದಿಲ್ಲ, ಇಂಜಿನ್ನಿನ ಸದ್ದು ಕೇಳುವುದಕ್ಕೆ ಅಷ್ಟು ಸಾಕಾಗುತ್ತಿತ್ತು. ಆ ದಿನ ಉದಾರವಾಗಿ ಎರಡು ಲೋಟ ಹಾಕಿದ್ದ. ಡಬ್ಬಿ ತೆಗೆದುಕೊಂಡು ಕೆಳಗಿನ ಹಳ್ಳಿಗೆ ನಡೆದು ಹೊರಟವನನ್ನು ವ್ಲಾಸ್ತ ಕೂಗಿ ನಿಲ್ಲಿಸಿ, ಉಳಿದ ಒಂದು ತುಂಡು ಬ್ರೆಡ್ಡನ್ನು ಕೈಗೆ ಕೊಟ್ಟಳು. ಅವನು ಅದನ್ನು ತಿನ್ನುತ್ತ ಇಳಿಜಾರಿನಲ್ಲಿ ಹೋದ.