ಬಿಯಾಫ್ರಾದ ಸಾವಿಗೆ ಕೆಂಪಾಪುರದ ಸಾರು

ಧಿಮ್, ಧಿಮ್, ಧಿಧಿಮ್. ಭಾನುವಾರ ಮಧ್ಯಾಹ್ನ ಲಕ್ಷ್ಮಿದೇವಮ್ಮನ ಅಡುಗೆಮನೆಯ ನೆತ್ತಿಯ ಮೇಲೆ ಯಾರೋ ಬಕೆಟ್ಟು ಬೋರಲು ಹಾಕಿಕೊಂಡು ಬಡಿಯುತ್ತಿದ್ದರು. ಮಹಡಿಯ ಬಾಡಿಗೆ ಮನೆಯಲ್ಲಿರುವವನು ಚಿದಿ, ನೈಜೀರಿಯಾದಿಂದ ಓದಲು ಬಂದ ಹುಡುಗ.

ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಲಕ್ಷ್ಮಿದೇವಮ್ಮನಿಗೆ ಒಂದು ಕೆಲಸ ತಾನಾಗಿ ಅಂಟಿಕೊಂಡಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಲ್ಲಿ ಒಲೆ ಹಚ್ಚುವಂತಿಲ್ಲ. ಅನ್ನ ಮತ್ತು ಒಗ್ಗರಣೆಯಿಲ್ಲದ ಬೇಳೆಸಾರು ಆಕೆಯ ಮನೆಯಿಂದ ಹೋಗುತ್ತಿತ್ತು. ಸತ್ತವನು ಕುಡುಕನೋ, ಹೆಂಡತಿಯನ್ನು ಹೊಡೆದವನೋ, ಆಕೆ ವಿಚಾರಿಸಿದವಳಲ್ಲ. ಊಟ ಸತ್ತವನಿಗಲ್ಲವಲ್ಲ.

ಎದುರುಮನೆಯ ಬ್ಯಾಟರಾಯಪ್ಪ ಗೇಟಿಗೆ ಬಂದು ನಿಂತ. "ಅಕ್ಕಾ, ಮಾಂಸ ಬೇಯಿಸ್ಕೊಂಡು ಕುಣೀತಾವ್ರೆ ನಿನ್ ಕರಿಯರು. ಸಂಜೆ ಒಳಗೆ ಖಾಲಿ ಮಾಡ್ಸು. ಇಲ್ಲಾಂದ್ರೆ ನಾವೇ ಸಾಮಾನು ಬೀದಿಗೆಸೀತೀವಿ."

ಮೇಲಿಂದ ಇಳಿದ ಒಣಮೀನಿನ ವಾಸನೆ ಆಕೆಗೂ ಹಿಡಿಸಿರಲಿಲ್ಲ. ಬೈದು ಬರೋಣವೆಂದು ಮೇಲೆ ಹತ್ತಿದಳು.

ಒಳಗೆ ಸೇರಿದ್ದ ಚಿದಿಯ ದೇಶದ ಹುಡುಗರಲ್ಲಿ ಯಾರೂ ನಗುತ್ತಿರಲಿಲ್ಲ. ಕುರ್ಚಿಯ ಮೇಲೆ ಮಿಲಿಟರಿ ಬಟ್ಟೆ ತೊಟ್ಟ ಗಡ್ಡದವನ ಫೋಟೊ. ಚಿದಿಯ ಕಣ್ಣು ಊದಿಕೊಂಡಿತ್ತು.

"ನಿಮ್ಮಪ್ಪನೇನೋ?"

"ಅಪ್ಪ ಅಲ್ಲ ಅಮ್ಮಾ. ನಮ್ ಲೀಡರ್. ನಿನ್ನೆ ಸತ್ತ."

ಅರೆಬರೆ ಕನ್ನಡದಲ್ಲಿ ಅವನು ಹೇಳಿದ್ದಿಷ್ಟು. ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲು ಅವರ ಜನ ಈ ಮನುಷ್ಯನ ಹಿಂದೆ ನಿಂತು, ದೇಶದಿಂದ ಬೇರೆಯಾಗಿ, ಬಿಯಾಫ್ರಾ ಎಂದು ಹೆಸರಿಟ್ಟುಕೊಂಡರು. ಎರಡೂವರೆ ವರ್ಷ ಯುದ್ಧ. ಸುತ್ತ ಮುತ್ತಿಗೆ, ಒಳಗೆ ಅನ್ನವಿಲ್ಲ. ಹಸಿವಿಗೆ ಹೊಟ್ಟೆ ಊದಿದ ತನ್ನ ಇಬ್ಬರು ಮಕ್ಕಳನ್ನು ಚಿದಿಯ ಅಜ್ಜಿ ಮಣ್ಣು ಮಾಡಿದಳು. ಸೋಲು ಖಚಿತವಾದಾಗ ನಾಯಕ ವಿಮಾನ ಹತ್ತಿ ಪರದೇಶಕ್ಕೆ ಹೋದ.

"ಮಕ್ಕಳನ್ನ ಸಾಯಕ್ಕೆ ಬಿಟ್ಟು ಇವನು ಓಡೋದ್ನಾ?"

"ಅಜ್ಜಿನೂ ಹಂಗೇ ಬೈತಾಳೆ. ಬೆಳಿಗ್ಗೆ ಫೋನಲ್ಲಿ ಅವಳೇ ಜಾಸ್ತಿ ಅತ್ಲು."

ಲಕ್ಷ್ಮಿದೇವಮ್ಮ ಫೋಟೊ ನೋಡಿದಳು. ಗಡ್ಡದೊಳಗಿನ ಆ ತುಂಬುಗೆನ್ನೆ. ಅದೆಷ್ಟು ಚೆನ್ನಾಗಿ ಉಂಡಿತ್ತು. ಬಾಯಿಗೆ ಬಂದ ಉಗುಳನ್ನು ನುಂಗಿಕೊಂಡು ಕೆಳಗಿಳಿದಳು.

"ಏಳಿದ್ಯಾ, ಖಾಲಿ ಮಾಡಿ ಅಂತ?" ಬ್ಯಾಟರಾಯಪ್ಪ ಅಲ್ಲೇ ಇದ್ದ.

"ಸಾವಿನ ಮನೆ ಕಣೋ ಅದು."

"ಸಾವಂತೆ! ಸಾವಲ್ಲಿ ಯಾರಾದ್ರೂ ಬಾರಿಸ್ಕೊಂಡು ಕುಣೀತಾರಾ?"

"ನಿಮ್ಮಪ್ಪನ ಎಣದ ಮುಂದೆ, ತಮಟೆಗೆ, ಪಂಚೆ ಕಳಚೋಗೋ ಅಂಗೆ ಕುಣಿದೋನು ಯಾವನೋ?"

"ಅದು ನಮ್ ಸಂಪ್ರದಾಯ. ಇದು ಗಲೀಜು."

ಗಲೀಜು. ಆವತ್ತು ಇದೇ ಬಾಯಿ ಆಕೆಯ ಸಾರು ಸುರಿದುಕೊಂಡು, ಸಪ್ಪೆಯೆಂದು ಉಪ್ಪಿನಕಾಯಿ ಕೇಳಿತ್ತು. ಒಬ್ಬ ಓಡಿಹೋದವನು, ಇನ್ನೊಬ್ಬ ಗೇಟು ಬಿಟ್ಟು ಕದಲದವನು. ಆಕೆಗೆ ಇಬ್ಬರನ್ನೂ ನೆನೆದರೆ ವಾಕರಿಕೆ. ಒಳಗೆ ಹೋಗಿ ಬೇಳೆ ಬೇಯಲಿಟ್ಟಳು.

ಸಂಜೆ ಬ್ಯಾಟರಾಯಪ್ಪ ಇನ್ನಿಬ್ಬರನ್ನು ಕರೆದುಕೊಂಡು ಬಂದಾಗ, ಲಕ್ಷ್ಮಿದೇವಮ್ಮ ಹಬೆಯಾಡುವ ಪಾತ್ರೆ ಹಿಡಿದು ಮೆಟ್ಟಿಲ ಬುಡದಲ್ಲಿದ್ದಳು.

"ಅಕ್ಕಾ, ಅದನ್ನ ಮೇಲೆ ತಗೊಂಡೋದ್ರೆ, ನಾಳೆಯಿಂದ ನಮ್ ಬೀದೀಲಿ ಒಬ್ರೂ ನಿನ್ ಕೈಯಲ್ಲಿ ಉಣ್ಣಲ್ಲ."

ಆಕೆ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದೆ ತೆಗೆದಳು. ಬೀದಿಯಲ್ಲಿ ಆಕೆಗಿದ್ದ ಮರ್ಯಾದೆಯೆಲ್ಲ ಆ ಪಾತ್ರೆಯದೇ.

"ಉಣ್ಬೇಡ್ರಪ್ಪ. ಬಿಸಿ ಐತೆ, ಅತ್ಲಾಗೆ ಸರ್ಕೊಳ್ಳಿ. ಆ ಗಡ್ಡದೋನನ್ನ ಕಂಡ್ರೆ ನಂಗೂ ಅಸಹ್ಯವೇ. ಅಳ್ತಿರೋನು ಅವನಲ್ವಲ್ಲ. ಈ ಮನೆ ಬಾಗ್ಲು ನಂದು, ಯಾವನಾದ್ರೂ ಸಾಮಾನು ಮುಟ್ಟಿದ್ರೆ ಆಮೇಲೆ ಐತೆ. ಇನ್ನ ನೀನು, ಬ್ಯಾಟರಾಯಪ್ಪ, ನೀನೆಂಥೋನು ಅಂದ್ರೆ..."

ಆ ಮಾತು ಮುಗಿಸುವುದಕ್ಕೂ ಅವನು ಯೋಗ್ಯನೆನಿಸದೆ, ಸೆರಗಿನಿಂದ ಪಾತ್ರೆಯ ಅಂಚು ಬಿಗಿಹಿಡಿದು ಲಕ್ಷ್ಮಿದೇವಮ್ಮ ಮೆಟ್ಟಿಲು ಹತ್ತುತ್ತಾ ಹೋದಳು.